ಎಳೆಯ ನಕ್ಷತ್ರಗಳ ಹಸಿವು

1936–37ರ ಚಳಿಗಾಲದಲ್ಲಿ ಮಹಾವ್ಯಾಧ ನಕ್ಷತ್ರಪುಂಜದ ಒಂದು ಮಂಕು ಚುಕ್ಕಿ ಕೆಲವೇ ತಿಂಗಳಲ್ಲಿ ನೂರು ಪಟ್ಟಿಗೂ ಹೆಚ್ಚು ಬೆಳಗಿತು. ಜರ್ಮನಿಯ ಬರ್ಗೆಡಾರ್ಫ್ ವೀಕ್ಷಣಾಲಯದ ಆರ್ನೊ ಆರ್ಥರ್ ವಾಕ್‌ಮನ್ 1939ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು. ಮೊದಮೊದಲು ಅದನ್ನು ನೋವಾ, ಅಂದರೆ ಮುದಿ ನಕ್ಷತ್ರದ ಮೇಲ್ಮೈ ಸಿಡಿತ ಎಂದುಕೊಂಡರು. ನೋವಾ ಬೇಗ ಆರುತ್ತದೆ. ಎಫ್‌ಯು ಒರಾಯನಿಸ್ ಎಂಬ ಈ ನಕ್ಷತ್ರ ಎಂಟು ದಶಕ ದಾಟಿದರೂ ಆರಿಲ್ಲ.

ಹುಟ್ಟುವ ನಕ್ಷತ್ರಗಳ ಬೆನ್ನು ಹತ್ತಿದ್ದ ಅಮೆರಿಕದ ಜಾರ್ಜ್ ಹರ್ಬಿಗ್, ಇದು ಶೈಶವದ ಘಟನೆಯೇ ಎಂದು 1966ರಲ್ಲಿ ವಾದಿಸಿದರು. ಒಂದೇ ಉದಾಹರಣೆ ಹಿಡಿದು ಹೇಳಿದ ಧೈರ್ಯದ ಮಾತು ಅದು. ಅದೃಷ್ಟವೆಂಬಂತೆ, 1969–70ರಲ್ಲಿ ರಾಜಹಂಸ ಪುಂಜದ ವಿ1057 ಸಿಗ್ನಿಯೂ ಹಾಗೆಯೇ ಉಜ್ವಲವಾಯಿತು. ಅದು ಹೊಳೆಯುವ ಮುನ್ನವೇ ಅದರ ರೋಹಿತವನ್ನು ಹರ್ಬಿಗ್ ತೆಗೆದಿಟ್ಟಿದ್ದರು. ಅದರಲ್ಲಿ ಎಳೆಯ ನಕ್ಷತ್ರದ ಗುರುತುಗಳಿದ್ದವು.

ಇಷ್ಟು ಬೆಳಕಿಗೆ ಶಕ್ತಿ ಎಲ್ಲಿಂದ? ಸುಳಿವು ಒಂದು ವೈಚಿತ್ರ್ಯದಲ್ಲಿತ್ತು. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅಳೆದರೆ ಈ ಕಾಯ ಬಿಸಿ, ವೇಗವಾಗಿ ಸುತ್ತುವಂಥದ್ದು. ಅವಕೆಂಪು ಬೆಳಕಿನಲ್ಲಿ ಅಳೆದರೆ ತಣ್ಣಗೆ, ನಿಧಾನ. ಒಂದೇ ನಕ್ಷತ್ರ ಎರಡು ಬಗೆಯಾಗಿರಲು ಹೇಗೆ ಸಾಧ್ಯ? ಲೀ ಹಾರ್ಟ್‌ಮನ್ ಮತ್ತು ಸ್ಕಾಟ್ ಕೆನ್ಯನ್ 1985ರಲ್ಲಿ ಕೊಟ್ಟ ಉತ್ತರ ಇಂದಿಗೂ ನಿಂತಿದೆ. ಹೊಳೆಯುತ್ತಿರುವುದು ನಕ್ಷತ್ರವನ್ನು ಸುತ್ತುವ ಅನಿಲ, ದೂಳಿನ ತಟ್ಟೆ. ಅದರ ಒಳಭಾಗ ಬಿಸಿಯಾಗಿ ವೇಗವಾಗಿ ಸುತ್ತುತ್ತದೆ, ಹೊರಭಾಗ ತಂಪಾಗಿ ನಿಧಾನ. ತಟ್ಟೆಯಲ್ಲಿ ಕೂಡಿಟ್ಟ ದ್ರವ್ಯ ಕಟ್ಟೆಯೊಡೆದಂತೆ ನಕ್ಷತ್ರದತ್ತ ನುಗ್ಗುತ್ತದೆ. ವರ್ಷಕ್ಕೆ ಸೂರ್ಯನ ತೂಕದ ಹತ್ತು ಸಾವಿರದಲ್ಲೊಂದು ಪಾಲು! ಈ ಲೆಕ್ಕದಲ್ಲಿ ಒಂದು ಶತಮಾನಕ್ಕೆ ಹತ್ತು ಗುರುಗ್ರಹಗಳಷ್ಟು ದ್ರವ್ಯ ನಕ್ಷತ್ರದ ಪಾಲಾಗುತ್ತದೆ.

ಕಟ್ಟೆ ಒಡೆಯುವುದೇಕೆ ಎಂಬುದಕ್ಕೆ ಮಾತ್ರ ಹಲವು ವಿವರಣೆಗಳಿವೆ: ತಟ್ಟೆಯ ಶಾಖದ ಏರುಪೇರು, ಅದರದೇ ಗುರುತ್ವದ ಒತ್ತಡ, ಪಕ್ಕದ ಸಂಗಾತಿ ನಕ್ಷತ್ರದ ಸೆಳೆತ.

ಬೆಳಕಿನ ಇಂಥ ಎಲ್ಲ ಉಕ್ಕುಗಳೂ ಇಷ್ಟು ದೀರ್ಘವಲ್ಲ. ವೃಕ ಪುಂಜದ ಇಎಕ್ಸ್ ಲೂಪಿ ತಿಂಗಳುಗಳಲ್ಲೇ ತಣಿಯುತ್ತದೆ. ಇವೆರಡರ ನಡುವಿನ ಸ್ವಭಾವದ ನಕ್ಷತ್ರವೊಂದು 2004ರ ಜನವರಿಯಲ್ಲಿ ಬೆಳಕಿಗೆ ಬಂತು. ಅಮೆರಿಕದ ಕೆಂಟಕಿಯ ಹವ್ಯಾಸಿ ಜೇ ಮೆಕ್‌ನೀಲ್ ತಮ್ಮ ಮೂರಂಗುಲದ ದೂರದರ್ಶಕದಲ್ಲಿ ತೆಗೆದ ಚಿತ್ರದಲ್ಲಿ ನಕ್ಷೆಗಳಲ್ಲಿಲ್ಲದ ನೀಹಾರಿಕೆ ಕಂಡಿತು. ವಿ1647 ಒರಾಯನಿಸ್ ನಕ್ಷತ್ರ ಉಕ್ಕಿ ಅದನ್ನು ಬೆಳಗಿಸಿತ್ತು. 2006ರ ಹೊತ್ತಿಗೆ ಮಸುಕಾದ ಆ ನಕ್ಷತ್ರ 2008ರಲ್ಲಿ ಮತ್ತೆ ಹೊತ್ತಿಕೊಂಡಿತು. ಆ ಎರಡನೇ ಉಕ್ಕನ್ನು ಭಾರತದ ಖಗೋಳಜ್ಞರು ವರ್ಷಗಟ್ಟಲೆ ಹಿಂಬಾಲಿಸಿದರು. ಅವರು ಬಳಸಿದ ದೂರದರ್ಶಕಗಳಲ್ಲಿ ಒಂದು ಲಡಾಖ್‌ನ ಹಾನ್ಲೆಯಲ್ಲಿರುವ, ಬೆಂಗಳೂರಿನ ಬಳಿಯ ಹೊಸಕೋಟೆಯಿಂದಲೇ ನಡೆಸುವ ಹಿಮಾಲಯನ್ ಚಂದ್ರ ದೂರದರ್ಶಕ.

ಈ ಹಸಿವಿನ ಬಿಸಿ ಗ್ರಹಗಳ ಹುಟ್ಟಿಗೂ ತಟ್ಟುತ್ತದೆ. ನೀರು ಮಂಜಾಗುವ ಗಡಿ ಸೂರ್ಯನಂಥ ಎಳೆಯ ನಕ್ಷತ್ರದ ಸುತ್ತ ಸಾಮಾನ್ಯವಾಗಿ ಗುರುಗ್ರಹದ ಕಕ್ಷೆಗಿಂತ ಒಳಗೇ ಇರುತ್ತದೆ. ಚಿಲಿಯ ಆಲ್ಮಾ ದೂರದರ್ಶಕ, ಹೀಗೆಯೇ ಉಕ್ಕಿರುವ ವಿ883 ಒರಾಯನಿಸ್‌ನ ತಟ್ಟೆಯಲ್ಲಿ ಆ ಗಡಿ ನೆಪ್ಚೂನ್‌ನ ಕಕ್ಷೆಯನ್ನೂ ಮೀರಿದಷ್ಟು ದೂರಕ್ಕೆ ಸರಿದಿದ್ದನ್ನು 2016ರಲ್ಲಿ ತೋರಿಸಿತು. ಅಲ್ಲಿಯವರೆಗಿನ ಮಂಜೆಲ್ಲ ಆವಿಯಾಗಿತ್ತು.