ಅಪ್ಪನ ಬಡ್ಡಿ, ಮಗನ ಇಮೇಲ್

ಅಪ್ಪನ ಹೆಸರಲ್ಲಿ ಬ್ಯಾಂಕಿನಲ್ಲಿ ಎಫ್‌ಡಿ ಇದೆಯಾ? ಹಾಗಿದ್ರೆ ಒಂದು ನಿಮಿಷ ನಿಲ್ಲಿ.

60 ದಾಟಿದವರಿಗೆ ಒಂದು ಬ್ಯಾಂಕಿನಿಂದ ವರ್ಷಕ್ಕೆ 1 ಲಕ್ಷ ರೂಪಾಯಿಗಿಂತ ಹೆಚ್ಚು ಬಡ್ಡಿ ಬಂದ್ರೆ, ಶೇ 10ರಷ್ಟು ಟಿಡಿಎಸ್ ಹಿಡೀತಾರೆ. 2025ರ ಏಪ್ರಿಲ್‌ಗೆ ಮುಂಚೆ ಈ ಮಿತಿ 50 ಸಾವಿರ ಇತ್ತು. ಹಿಡಿದದ್ದಕ್ಕೆ ಸರ್ಟಿಫಿಕೇಟ್, ಅಂದ್ರೆ ಫಾರ್ಮ್ 16ಎ, ಕೊಡಲೇಬೇಕು. ಕೊಡ್ತಾರೆ ಕೂಡ. ಆದ್ರೆ ಹೆಚ್ಚಾಗಿ ಇಮೇಲ್‌ಗೆ, ಪಾಸ್‌ವರ್ಡ್ ಹಾಕಿದ ಪಿಡಿಎಫ್ ಆಗಿ.

ಆ ಇಮೇಲ್ ಯಾರದು? ಎಷ್ಟೋ ಮನೆಗಳಲ್ಲಿ ಅಮೆರಿಕದಲ್ಲಿರೋ ಮಗನದು. ಇಲ್ಲಾ, ಯಾವತ್ತೋ ಸೈಬರ್ ಸೆಂಟರ್ ಹುಡುಗ ಮಾಡಿಕೊಟ್ಟದ್ದು!

ತಮಾಷೆ ನೋಡಿ: 80 ದಾಟಿದವರು ಐಟಿಆರ್-1, ಐಟಿಆರ್-4 ರಿಟರ್ನ್ಸ್‌ನ ಕಾಗದದಲ್ಲೇ ಸಲ್ಲಿಸಬಹುದು. ಅದನ್ನ ತುಂಬೋಕೆ ಬೇಕಾದ ಲೆಕ್ಕ ಮಾತ್ರ ಮೊಬೈಲಿನೊಳಗೆ.

ಶಾಖೆಗೆ ಹೋಗಿ, ಸರ್ಟಿಫಿಕೇಟಿನ ಪ್ರಿಂಟ್ ಕೇಳಿ. ಸಂಕೋಚ ಬೇಡ, ಅದು ಅಪ್ಪನದೇ ದುಡ್ಡಿನ ದಾಖಲೆ. ಜನವರಿಯಿಂದ ಮಾರ್ಚ್‌ವರೆಗಿನದ್ದು ಕೊಡೋಕೆ ಜೂನ್ 15ರ ತನಕ ಗಡುವಿದೆ, ಅವಸರಪಟ್ಟು ಏಪ್ರಿಲ್‌ನಲ್ಲೇ ಹೋದ್ರೆ ಬರಿಗೈ. ಸಿಗದಿದ್ರೂ ಗಾಬರಿಯಾಗಬೇಡಿ: ಹಿಡಿದ ತೆರಿಗೆ ಪ್ಯಾನ್ ನಂಬರಿನ ತೆರಿಗೆ ದಾಖಲೆಯಾದ 26ಎಎಸ್‌ನಲ್ಲಿ ಕಾಣುತ್ತೆ, ರೀಫಂಡ್ ಅದರ ಆಧಾರದ ಮೇಲೆ ಕೇಳಬಹುದು.

ಹೋದಾಗ ಇಮೇಲ್, ಮೊಬೈಲ್ ನಂಬರ್ ಬದಲಿಸೋ ಅರ್ಜಿನೂ ಕೊಟ್ಟು ಬನ್ನಿ.