ಮೂಕವಾದ ಗಣಕಕ್ಕೆ ಮರಳಿ ದನಿ: ಹಳೆಯ ವಿಂಡೋಸ್, ಹೊಸ ಮದರ್‌ಬೋರ್ಡ್

ತಯಾರಿಕಾ ಘಟಕವೊಂದರ ಪರೀಕ್ಷಾ ಯಂತ್ರಕ್ಕೆ ಜೋಡಿಸಿದ ಗಣಕಯಂತ್ರದ ಮದರ್‌ಬೋರ್ಡ್ ಸುಟ್ಟುಹೋದರೆ ಮಾಲೀಕರು ಸಾಮಾನ್ಯವಾಗಿ ಮಾಡುವುದು ಒಂದೇ. ಪೇಟೆಯಲ್ಲಿ ಸಿಗುವ ಬೇರೊಂದು ಬೋರ್ಡನ್ನು ತರಿಸಿ, ಹಳೆಯ ವಿಂಡೋಸ್ ಎಕ್ಸ್‌ಪಿಯನ್ನೇ ಅದರ ಮೇಲೆ ಅಳವಡಿಸುತ್ತಾರೆ. ಯಂತ್ರದೊಡನೆ ಬಂದ ತಂತ್ರಾಂಶವು ಎಕ್ಸ್‌ಪಿಯ ಆಚೆಗೆ ನಡೆಯದು. ಹೊಸ ಆವೃತ್ತಿ ಬೇಕೆಂದರೆ ಯಂತ್ರವನ್ನೇ ಬದಲಿಸಬೇಕಾದೀತು. ಪರದೆ ಬೆಳಗುತ್ತದೆ, ಮುದ್ರಕ ಕೆಲಸ ಮಾಡುತ್ತದೆ, ಅಳತೆಯ ಅಂಕಿಗಳೂ ಮೂಡುತ್ತವೆ. ಧ್ವನಿ ಮಾತ್ರ ಇಲ್ಲ. ಹಾಡು ಕೇಳುವ ಗಣಕವಾಗಿದ್ದರೆ ಉಪೇಕ್ಷಿಸಬಹುದಿತ್ತು. ಅಳತೆ ಮಿತಿ ಮೀರಿದೊಡನೆ ಎಚ್ಚರಿಸುವ ಘಂಟೆಯು ಸ್ಪೀಕರಿನಿಂದಲೇ ಹೊರಡಬೇಕಾದ ಕಡೆ ಈ ಮೌನದ ಬೆಲೆಯನ್ನು ತಿರಸ್ಕೃತ ಮಾಲಿನ ರಾಶಿಯಲ್ಲಿ ಎಣಿಸಬೇಕಾಗುತ್ತದೆ.

ಇಂತಹ ಸಂದರ್ಭದಲ್ಲಿ ಬೋರ್ಡ್ ಕೆಟ್ಟಿದೆಯೆಂದು ಹಿಂದಿರುಗಿಸುವವರೇ ಹೆಚ್ಚು. ವಾಸ್ತವವಾಗಿ ದೋಷ ಕಾಲದ ಅಂತರದ್ದು. ಎಕ್ಸ್‌ಪಿ ಮಾರುಕಟ್ಟೆಗೆ ಬಂದದ್ದು 2001ರ ಅಕ್ಟೋಬರಿನಲ್ಲಿ. ಆಗ ಮದರ್‌ಬೋರ್ಡುಗಳಲ್ಲಿ ರೂಢಿಯಲ್ಲಿದ್ದುದು ಎಸಿ 97 ಎಂಬ ಧ್ವನಿ ಮಾನಕ. ಇಂಟೆಲ್ ಸಂಸ್ಥೆಯು 2004ರಲ್ಲಿ ಹೈ ಡೆಫಿನಿಷನ್ ಆಡಿಯೋ ಎಂಬ ಹೊಸ ಮಾನಕವನ್ನು ಪ್ರಕಟಿಸಿತು. ಕೆಲವೇ ವರ್ಷಗಳಲ್ಲಿ ಎಲ್ಲ ತಯಾರಕರೂ ಅದನ್ನೇ ಅನುಸರಿಸಿದರು. ಹೊಸದು ಹಳೆಯದರ ಸುಧಾರಿತ ರೂಪವಲ್ಲ; ಎರಡರ ನಡುವೆ ಹೊಂದಾಣಿಕೆಯೇ ಇಲ್ಲ. ವಿಂಡೋಸ್ ವಿಸ್ಟಾ ಹಾಗೂ ನಂತರದ ಆವೃತ್ತಿಗಳಿಗೆ ಈ ಮಾನಕದ ಪರಿಚಯ ಹುಟ್ಟಿನಿಂದಲೇ ಇದೆ. ಎಕ್ಸ್‌ಪಿಗೆ ಅದನ್ನು ಹೊರಗಿನಿಂದ ಕಲಿಸಿಕೊಡಬೇಕು.

ಕಲಿಸುವ ಕೆಲಸಕ್ಕೆ ಎರಡು ಹಂತಗಳಿವೆ, ಎಡವುವುದು ಇಲ್ಲಿಯೇ. ಚಿಪ್‌ಸೆಟ್ಟಿನೊಳಗಿನ ನಿಯಂತ್ರಕ ಒಂದು ಘಟಕ. ಬೋರ್ಡಿನ ಮೇಲೆ ಪ್ರತ್ಯೇಕವಾಗಿ ಬೆಸೆದಿರುವ ಕೋಡೆಕ್ ಎಂಬ ಸಣ್ಣ ಚಿಪ್ ಮತ್ತೊಂದು. ನಿಯಂತ್ರಕವನ್ನು ಗುರುತಿಸುವ ಬಸ್ ಡ್ರೈವರ್ ಮೊದಲು ನೆಲೆಗೊಳ್ಳಬೇಕು. ಅಲ್ಲಿಯವರೆಗೆ ಕೋಡೆಕ್ ಇರುವುದೇ ವಿಂಡೋಸಿಗೆ ತಿಳಿಯದು. ಊರಿಗೆ ದಾರಿಯೇ ಆಗದೆ ಬಸ್ಸು ಹೇಗೆ ಬಂದೀತು? ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಪ್ರಶ್ನಾರ್ಥಕ ಚಿಹ್ನೆಯೊಂದಿಗೆ ಬರಿದೇ ‘ಪಿಸಿಐ ಡಿವೈಸ್’ ಎಂದು ಕಾಣಿಸಿಕೊಂಡು, ಅದರ ವಿವರದಲ್ಲಿ ವರ್ಗಸಂಕೇತ 0403 ಎಂದಿದ್ದರೆ, ಮೊದಲನೆಯ ಹಂತವೇ ಆಗಿಲ್ಲವೆಂದು ತಿಳಿಯಬೇಕು. ಬಸ್ ಡ್ರೈವರ್ ಕೂತ ಮೇಲೆ ಹೊಸದೊಂದು ಸಾಧನ ತಾನಾಗಿಯೇ ಕಾಣಿಸಿಕೊಳ್ಳುತ್ತದೆ. ಅದರ ತಯಾರಕ ಸಂಕೇತ 10ಇಸಿ ಎಂದಿದ್ದರೆ ಕೋಡೆಕ್ ರಿಯಲ್‌ಟೆಕ್ ಸಂಸ್ಥೆಯದು. ಆ ಸಂಸ್ಥೆಯ ಎಕ್ಸ್‌ಪಿ ಡ್ರೈವರನ್ನು ಆಗ ಹಾಕಬೇಕು.

ಬಸ್ ಡ್ರೈವರನ್ನು ಮೈಕ್ರೋಸಾಫ್ಟ್ ಸಂಸ್ಥೆಯು ಕೆಬಿ 888111 ಎಂಬ ಸಂಖ್ಯೆಯ ಪರಿಷ್ಕರಣೆಯಾಗಿ ನೀಡಿತ್ತು. ರಿಯಲ್‌ಟೆಕ್‌ನ ಎಕ್ಸ್‌ಪಿ ಕಟ್ಟಿನೊಳಗೂ ಅದನ್ನು ಸೇರಿಸಲಾಗಿದೆ. ಆದರೂ 2008ರಲ್ಲಿ ಬಂದ ಸರ್ವಿಸ್ ಪ್ಯಾಕ್ 3 ಅಳವಡಿಸಿದ ಗಣಕಗಳಲ್ಲಿ ವಿಚಿತ್ರ ತೊಡಕೊಂದು ಎದುರಾಗುತ್ತದೆ. ಗಣಕದಲ್ಲಿರುವ ಸರ್ವಿಸ್ ಪ್ಯಾಕ್ ತನಗಿಂತ ಹೊಸದೆಂದು ಹೇಳಿ ಪರಿಷ್ಕರಣೆಯು ಒಳಬರಲು ನಿರಾಕರಿಸುತ್ತದೆ. ಹೊಸದರಲ್ಲಿ ಬೇಕಾದದ್ದು ಇದ್ದೇ ಇರಬೇಕೆಂಬ ಊಹೆ ಅದರದು. ಅಲ್ಲಿ ನೋಡಿದರೆ ಚಿಹ್ನೆ ಹಳದಿಯಾಗಿಯೇ ಉಳಿದಿರುತ್ತದೆ! ರಿಜಿಸ್ಟ್ರಿಯಲ್ಲಿ ಸರ್ವಿಸ್ ಪ್ಯಾಕಿನ ಸಂಖ್ಯೆಯನ್ನು ತಾತ್ಕಾಲಿಕವಾಗಿ ಎರಡಕ್ಕೆ ಇಳಿಸುವ ಉಪಾಯವನ್ನು ಕೆಲ ತಂತ್ರಜ್ಞರು ಬಳಸುತ್ತಾರೆ. ಮರಳಿ ಮೂರಕ್ಕೆ ಏರಿಸಲು ಮರೆತರೆ ಮುಂದೆ ಬೇರೆ ತೊಂದರೆಗಳು ತಲೆದೋರುತ್ತವೆ. ಪರಿಷ್ಕರಣೆಯ ಕಟ್ಟನ್ನು ಬಿಚ್ಚಿ, ಒಳಗಿನ ಕಡತಗಳನ್ನು ಡಿವೈಸ್ ಮ್ಯಾನೇಜರಿನ ಮೂಲಕ ಕೈಯಿಂದಲೇ ತೋರಿಸಿಕೊಡುವುದು ಇದಕ್ಕಿಂತ ಕ್ಷೇಮಕರ.

ಬಯಾಸ್‌ನಲ್ಲಿ ಕಾಣುವ ‘ಎಚ್‌ಡಿ ಆಡಿಯೋ ಅಥವಾ ಎಸಿ 97’ ಎಂಬ ಆಯ್ಕೆಯೂ ಅನೇಕರನ್ನು ದಾರಿ ತಪ್ಪಿಸಿದೆ. ಎಸಿ 97 ಎಂದು ಆರಿಸಿದರೆ ಚಿಪ್ ಹಳೆಯ ಮಾನಕಕ್ಕೆ ಮರಳುವುದೆಂದು ಭಾವಿಸುವುದು ಸಹಜ. ಬಹುತೇಕ ಬೋರ್ಡುಗಳಲ್ಲಿ ಈ ಆಯ್ಕೆಯು ಕ್ಯಾಬಿನೆಟ್ಟಿನ ಮುಂಭಾಗದ ಹೆಡ್‌ಫೋನ್ ಕಿಂಡಿಗೆ ಹೋಗುವ ತಂತಿಗಷ್ಟೇ ಸಂಬಂಧಿಸಿದ್ದು. ಡ್ರೈವರ್ ಸರಿಯಾಗಿದ್ದು ಮುಂಭಾಗದ ಕಿಂಡಿ ಮಾತ್ರ ಮೌನವಾಗಿದ್ದರೆ ಆಗ ಇದನ್ನು ಪರಿಶೀಲಿಸಬಹುದು.

ಇಷ್ಟೆಲ್ಲ ಶ್ರಮ ಬೇಡವೆನ್ನುವವರಿಗೆ ಅಗ್ಗದ ಯುಎಸ್‌ಬಿ ಧ್ವನಿ ಸಾಧನವೊಂದು ಸಾಕು. ಯುಎಸ್‌ಬಿ ಆಡಿಯೋದ ಮೊದಲ ಮಾನಕವನ್ನು ಎಕ್ಸ್‌ಪಿ ತಾನೇ ಬಲ್ಲದು. ಪ್ರತ್ಯೇಕ ಡ್ರೈವರ್ ಅನಗತ್ಯ. ಘಂಟೆ ಬಾರಿಸುವುದಷ್ಟೇ ಉದ್ದೇಶವಾಗಿದ್ದಲ್ಲಿ ಮಿತವ್ಯಯದ ದೃಷ್ಟಿಯಿಂದ ಇದೇ ಮೇಲು. ಬೋರ್ಡ್ ತೀರ ಹೊಸದಾಗಿರಬಾರದೆಂಬುದೊಂದೇ ನಿಬಂಧನೆ. 2015ರಲ್ಲಿ ಬಂದ ಇಂಟೆಲ್ 100 ಸರಣಿಯ ಚಿಪ್‌ಸೆಟ್ಟುಗಳಿಂದ ಹಳೆಯ ಬಗೆಯ ಯುಎಸ್‌ಬಿ ನಿಯಂತ್ರಕವನ್ನೇ ಕೈಬಿಡಲಾಯಿತು. ಅಲ್ಲಿ ಎಕ್ಸ್‌ಪಿಗೆ ಧ್ವನಿ ಹಾಗಿರಲಿ, ಕೀಲಿಮಣೆಯೂ ದಕ್ಕದೆ ಹೋಗಬಹುದು. ಆದುದರಿಂದ ಬದಲಿ ಬೋರ್ಡ್ ಕೊಳ್ಳುವವರು 2012ರ ಸುಮಾರಿನವರೆಗಿನ, ಎಕ್ಸ್‌ಪಿ ಡ್ರೈವರುಗಳನ್ನು ತಯಾರಕರೇ ಒದಗಿಸಿರುವ ಮಾದರಿಗಳನ್ನು ಹುಡುಕುವುದು ಲೇಸು. ಬಳಸಿದ ಮಾಲಾದರೂ ಚಿಂತೆಯಿಲ್ಲ.

ತಂತ್ರಾಂಶವು ಯಾವುದೇ ಕಾರ್ಡನ್ನಾಗಲಿ ಪ್ಯಾರಲಲ್ ಪೋರ್ಟಿನ ಬೀಗವನ್ನಾಗಲಿ ಅವಲಂಬಿಸಿಲ್ಲದಿದ್ದರೆ ಮತ್ತೊಂದು ಮಾರ್ಗವೂ ಉಂಟು. ಹೊಸ ಗಣಕದಲ್ಲಿ ವರ್ಚುವಲ್‌ಬಾಕ್ಸ್‌ನಂತಹ ತಂತ್ರಾಂಶದೊಳಗೆ ಎಕ್ಸ್‌ಪಿಯನ್ನು ನಡೆಸಬಹುದು. ಅದು ಎಸಿ 97 ಚಿಪ್ ಒಂದನ್ನು ಅನುಕರಿಸಿ ತೋರಿಸುವುದರಿಂದ, ಎಕ್ಸ್‌ಪಿ ತನಗೆ ಪರಿಚಿತವಾದ ಲೋಕದಲ್ಲೇ ಇರುತ್ತದೆ. ಹಳೆಯ ಲೆಕ್ಕಪತ್ರ ತಂತ್ರಾಂಶ ಹೊಂದಿದ ಕಚೇರಿಗಳಿಗೆ ಇದು ಒಗ್ಗೀತು. ಯಂತ್ರಕ್ಕೆ ತಂತಿ ಕಟ್ಟಿಕೊಂಡ ಘಟಕಗಳಿಗೆ ಒಗ್ಗುವುದು ಕಷ್ಟ.

ವಿಂಡೋಸ್ 98ರ ವಿಷಯದಲ್ಲಿ ಹೆಚ್ಚು ಹೇಳುವುದೇನಿಲ್ಲ. ಕೋಡೆಕ್ ತಯಾರಕರು ಅದಕ್ಕೆ ಎಚ್‌ಡಿ ಆಡಿಯೋ ಡ್ರೈವರ್ ನೀಡಲಿಲ್ಲ. ಹವ್ಯಾಸಿಗಳು ಬರೆದವು ಇವೆಯಾದರೂ ಉತ್ಪಾದನೆಯನ್ನು ಅವುಗಳ ಭರವಸೆಯ ಮೇಲೆ ನಡೆಸುವುದು ಉಚಿತವಲ್ಲ. ಬೋರ್ಡಿನಲ್ಲಿ ಪಿಸಿಐ ಕಿಂಡಿ ಉಳಿದಿದ್ದರೆ ಆ ಕಾಲದ ಸೌಂಡ್ ಕಾರ್ಡೊಂದನ್ನು ಅದರಲ್ಲಿ ಸಿಕ್ಕಿಸುವುದೇ ನೇರವಾದ ಪರಿಹಾರ.

ಡ್ರೈವರನ್ನು ಎಲ್ಲಿಂದ ಪಡೆಯುವುದೆಂಬುದೂ ಸಣ್ಣ ಪ್ರಶ್ನೆಯಲ್ಲ. ತಯಾರಕರು ಹಳೆಯ ಪುಟಗಳನ್ನು ತೆಗೆದುಹಾಕಿದಂತೆಲ್ಲ ಉಚಿತ ಡ್ರೈವರಿನ ಆಮಿಷ ಒಡ್ಡುವ ಅನಾಮಿಕ ತಾಣಗಳು ಆ ಸ್ಥಾನಕ್ಕೆ ಬಂದಿವೆ. ಡ್ರೈವರಿನ ಜೊತೆಗೆ ಬೇಡದ ಅತಿಥಿಗಳೂ ಒಳನುಗ್ಗುವ ಅಪಾಯವಿದೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್ 8ರಂದು ಕೊನೆಗೊಂಡಿರುವುದರಿಂದ ಇಂತಹ ಗಣಕವನ್ನು ಅಂತರಜಾಲಕ್ಕೆ ಜೋಡಿಸದೆ, ಬೇಕಾದ ಕಡತಗಳನ್ನು ಬೇರೊಂದು ಗಣಕದಲ್ಲಿ ಇಳಿಸಿಕೊಂಡು, ತಪಾಸಣೆ ಮಾಡಿ, ಸಿಡಿಯಲ್ಲಿ ತರತಕ್ಕದ್ದು. ಧ್ವನಿ ಮರಳಿದ ದಿನವೇ ಹಾರ್ಡ್ ಡಿಸ್ಕಿನ ಪೂರ್ಣ ಪ್ರತಿಯನ್ನು ತೆಗೆದು, ಆ ಸಿಡಿಯೊಂದಿಗೆ ಕಚೇರಿಯ ಕಪಾಟಿನಲ್ಲಿ ಇರಿಸಿದರೆ, ಡಿಸ್ಕ್ ಕೆಟ್ಟ ದಿನ ಮತ್ತೆ ಮೊದಲಿನಿಂದ ತೊಡಗಬೇಕಾಗಿಲ್ಲ.