ಹೊಸ ಸೈಕಲ್ಲು, ಹಳೆಯ ಮೊಣಕಾಲು

ನಮ್ಮ ಮನೆಯ ಪಡಸಾಲೆಯಲ್ಲಿ ಆರು ತಿಂಗಳಿಂದ ಒಬ್ಬ ಹೊಸ ಅತಿಥಿ ನಿಂತಿದ್ದಾನೆ. ಬೂದು ಬಣ್ಣದ ಮೈ, ಉಬ್ಬುಗಳುಳ್ಳ ಅಗಲವಾದ ಟೈರು, ಮುಂದೆಯೂ ಹಿಂದೆಯೂ ಸಸ್ಪೆನ್ಷನ್, 29 ಇಂಚಿನ ಗಾಲಿ. ಗುಡ್ಡಗಾಡಿನಲ್ಲಿ ಓಡಿಸಲೆಂದೇ ಮಾಡಿದ ಮೌಂಟನ್ ಬೈಕ್ ಅದು. ಐವತ್ತೇಳನೆಯ ವಯಸ್ಸಿನಲ್ಲಿ, ಒಂದು ಒಳ್ಳೆಯ ಮೋಟಾರ್ ಸೈಕಲ್ ಕೊಳ್ಳಬಹುದಾಗಿದ್ದ ಹಣ ತೆತ್ತು ಇದನ್ನು ತಂದೆನೆಂಬುದನ್ನು ಓದುಗರಿಂದ ಮುಚ್ಚಿಡುವುದಿಲ್ಲ. ಮನೆಗೆ ಬಂದವರಿಗೆಲ್ಲ ಚಹಾ ಕೊಡುವ ಮೊದಲೇ ಇದನ್ನು ತೋರಿಸಿದೆನೆಂಬುದನ್ನೂ ಮುಚ್ಚಿಡುವುದಿಲ್ಲ.

ಕಾರಣವಿಲ್ಲದೆ ಕೊಂಡದ್ದಲ್ಲ. ಮೂವತ್ತು ವರ್ಷಗಳಿಂದ ರೋಗಿಗಳಿಗೆ ವ್ಯಾಯಾಮದ ಉಪದೇಶ ಮಾಡುತ್ತ ಬಂದ ನನಗೆ ಉಪದೇಶ ಮಾಡುವವರು ಯಾರೂ ಇರಲಿಲ್ಲ. ರಕ್ತದ ಸಕ್ಕರೆ ಗಡಿಯ ಮೇಲೆ ಬಂದು ನಿಂತಿತ್ತು. ಮೆಟ್ಟಿಲೇರುವಾಗ ಬಲ ಮೊಣಕಾಲು ನೋಯುತ್ತಿತ್ತು. ಧಾರವಾಡದ ನಮ್ಮ ಸುತ್ತಿನ ದಾರಿಗಳೋ, ಒಂದು ಕಡೆ ಎರೆ, ಇನ್ನೊಂದು ಕಡೆ ಮಸಾರಿ. ಎಲ್ಲಿ ನೋಡಿದರೂ ಕಲ್ಲು, ಕೊರಕಲು. ಸಾಮಾನ್ಯ ಸೈಕಲ್ಲಿನಲ್ಲಿ ಎರಡು ಮೈಲು ಹೋದರೆ ಸೊಂಟ ಹಿಡಿದುಕೊಳ್ಳುತ್ತಿತ್ತು. ಕುಲುಕಾಟವನ್ನು ನುಂಗಿಕೊಳ್ಳುವ ಸೈಕಲ್ಲು ಬೇಕೆನಿಸಿತು.

ಮೊದಲ ದಿನವೇ ಪಕ್ಕದ ಮನೆಯ ನಿವೃತ್ತ ಮಾಸ್ತರರು ಬಂದರು. ಎಪ್ಪತ್ತೊಂದರ ವಯಸ್ಸಿನಲ್ಲಿಯೂ ದಿನನಿತ್ಯ ತಮ್ಮ ಹಳೆಯ ಕರಿ ಸೈಕಲ್ಲಿನ ಮೇಲೆಯೇ ಸಂತೆಗೆ ಹೋಗಿ ಬರುವವರು ಅವರು. ಸುತ್ತ ಒಮ್ಮೆ ನೋಡಿ, "ಡಾಕ್ಟರ ಸಾಹೇಬ್ರ, ಗಾಲಿ ದೊಡ್ಡದು ಅಂತೀರಿ. ನಮ್ಮ ಗಾಲಿಗಿಂತ ದೊಡ್ಡದೇನ್ರಿ?" ಎಂದರು. ಟೇಪು ತರಿಸಿ ಅಳೆದೆವು. ಟೈರು ಕೂರುವ ಜಾಗದಲ್ಲಿ ನನ್ನ ರಿಮ್ಮಿನ ವ್ಯಾಸ 622 ಮಿ.ಮೀ.; ಅವರ ಇಪ್ಪತ್ತೆಂಟರ ಗಾಲಿಯ ರಿಮ್ಮಿನದು 635 ಮಿ.ಮೀ. ಅವರದೇ ದೊಡ್ಡದು! ನನ್ನ ಟೈರು ಹೆಚ್ಚು ದಪ್ಪವಾದ್ದರಿಂದ ಮಾತ್ರ ಹೊರಗಿನ ಅಳತೆಯಲ್ಲಿ ನಾನು ಒಂದು ಇಂಚಿನಿಂದ ಗೆದ್ದೆ. ಮಾಸ್ತರರು ನಕ್ಕು, "ಎಷ್ಟ ಬಿತ್ತರಿ ಇದಕ್ಕ?" ಎಂದು ಕೇಳಿದರು. ನಾನು ಮಾತು ಬದಲಿಸಿದೆ.

ಈ ಗಾಲಿಯ ಕಥೆ ಸ್ವಾರಸ್ಯಕರವಾದುದು. 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಮರಿನ್ ಕೌಂಟಿಯ ಒಂದು ಕಡಿದಾದ ಕಚ್ಚಾರಸ್ತೆಯಲ್ಲಿ ಕೆಲವು ತರುಣರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಇಳಿಜಾರಿಗೆ ಬಿಟ್ಟು ಸ್ಪರ್ಧೆ ನಡೆಸತೊಡಗಿದರು. ಒಂದು ಸಲ ಇಳಿಯುವಷ್ಟರಲ್ಲಿ ಹಿಂಗಾಲಿಯೊಳಗಿನ ಬ್ರೇಕು ಕಾದು ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಗ್ರೀಸು ತುಂಬಬೇಕಾಗುತ್ತಿತ್ತು. ಆದ್ದರಿಂದಲೇ ಆ ದಾರಿಗೆ 'ರೀಪ್ಯಾಕ್' ಎಂಬ ಹೆಸರು ಬಿದ್ದಿತು. ಅವರಲ್ಲೊಬ್ಬನಾದ ಜೋ ಬ್ರೀಜ್ 1977ರಲ್ಲಿ ಗುಡ್ಡಕ್ಕೆಂದೇ ಹೊಸ ಚೌಕಟ್ಟು ಕಟ್ಟಿದನು. ಆ ಹಳೆಯ ಸೈಕಲ್ಲುಗಳ ಗಾಲಿ 26 ಇಂಚಿನದಾಗಿದ್ದುದರಿಂದ ಮುಂದೆ ದಶಕಗಳ ಕಾಲ ಎಲ್ಲರೂ ಅದನ್ನೇ ಅನುಸರಿಸಿದರು. ಯಾರೂ ಅಳೆದು ತೂಗಿ ತೀರ್ಮಾನಿಸಿದ ಅಳತೆಯಲ್ಲ ಅದು, ಕೈಗೆ ಸಿಕ್ಕದ್ದು. 29 ಇಂಚಿನ ಗಾಲಿ ಬಂದಾಗ ಬಲ್ಲವರು ಮೂಗು ಮುರಿದರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಜೆಕ್ ದೇಶದ ಯಾರೊಸ್ಲಾವ್ ಕುಲ್ಹಾವಿ ಎರಡೂ ಕಡೆ ಸಸ್ಪೆನ್ಷನ್ ಇದ್ದ 29 ಇಂಚಿನ ಗಾಲಿಯ ಸೈಕಲ್ಲಿನ ಮೇಲೆಯೇ ಚಿನ್ನದ ಪದಕ ಗೆದ್ದನು.

ದೊಡ್ಡ ಗಾಲಿಯ ಗುಣ ಸರಳವಾದುದು. ಕಲ್ಲೊಂದು ಅಡ್ಡ ಬಂದಾಗ ಗಾಲಿ ಅದನ್ನು ಎದುರಿಸುವ ಕೋನ ಕಡಿಮೆಯಾಗುತ್ತದೆ. ಗುದ್ದುವ ಬದಲು ಹತ್ತಿ ಇಳಿಯುತ್ತದೆ. ಸಣ್ಣ ತಗ್ಗಿನಲ್ಲಿ ಅಷ್ಟಾಗಿ ಇಳಿಯುವುದಿಲ್ಲ. ಒಂದೊಂದು ಕಲ್ಲಿನಲ್ಲಿ ಈ ವ್ಯತ್ಯಾಸ ಅತ್ಯಲ್ಪ; ಒಂದು ತಾಸಿನ ಸವಾರಿಯಲ್ಲಿ ಸಾವಿರ ಕಲ್ಲುಗಳಾದಾಗ ಸೊಂಟಕ್ಕೆ ಅದರ ಅರಿವಾಗುತ್ತದೆ.

ಆದರೆ ನನ್ನ ಸೊಂಟಕ್ಕೆ ಮೊದಲ ಎರಡು ವಾರ ಯಾವ ಸುಖವೂ ಸಿಗಲಿಲ್ಲ. ಸಸ್ಪೆನ್ಷನ್ನಿನೊಳಗೆ ಉಕ್ಕಿನ ಸ್ಪ್ರಿಂಗಿನ ಬದಲು ಗಾಳಿ ಇರುತ್ತದೆ. ಸವಾರನ ತೂಕಕ್ಕೆ ತಕ್ಕಂತೆ ಅದನ್ನು ತುಂಬಬೇಕು. ಅಂಗಡಿಯವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಸುಮ್ಮನೆ ಕುಳಿತಾಗ ಶಾಕು ತನ್ನ ಒಟ್ಟು ಚಲನೆಯ ಸುಮಾರು ಕಾಲುಭಾಗದಷ್ಟು ತಗ್ಗಬೇಕು. ನನ್ನದು ಒಂದು ಬೆರಳಿನಷ್ಟೂ ತಗ್ಗುತ್ತಿರಲಿಲ್ಲ. ಸ್ವಲ್ಪ ಗಾಳಿ ಬಿಟ್ಟು, ಟೈರಿನ ಗಾಳಿಯನ್ನೂ ಇಳಿಸಿದ ದಿನ ಕಚ್ಚಾರಸ್ತೆಗೆ ಕಂಬಳಿ ಹಾಸಿದಂತಾಯಿತು.

ಮೊಣಕಾಲಿನ ವಿಷಯ ಬೇರೆ. ಅದಕ್ಕೆ ಬೇಕಾದುದು ಸಸ್ಪೆನ್ಷನ್ ಅಲ್ಲ, ಸೀಟಿನ ಎತ್ತರ. ನಮ್ಮ ನಾಡಿನಲ್ಲಿ ಬಹುತೇಕ ಎಲ್ಲರೂ ಸೀಟನ್ನು ತೀರ ತಗ್ಗಿಸಿ ಓಡಿಸುತ್ತಾರೆ; ಎರಡೂ ಕಾಲು ನೆಲಕ್ಕೆ ತಾಗಬೇಕೆಂಬ ಆಸೆ. ಹಾಗೆ ಕುಳಿತಾಗ ಮೊಣಕಾಲು ಅತಿಯಾಗಿ ಮಡಚಿ, ಚಿಪ್ಪಿನ ಹಿಂದೆ ಒತ್ತಡ ಹೆಚ್ಚಿ, ಮುಂಭಾಗದಲ್ಲಿ ನೋವು ಹುಟ್ಟುತ್ತದೆ. ಪೆಡಲು ಕೆಳತುದಿಯಲ್ಲಿದ್ದಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರವಾಗಬೇಕು. ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲಿನಲ್ಲಿ ಸ್ವಲ್ಪವೇ ಬಾಗು ಉಳಿಯಬೇಕು. ಸೀಟು ಅತಿ ಎತ್ತರವಾದರೆ ನೋವು ಮೊಣಕಾಲಿನ ಹಿಂಭಾಗಕ್ಕೆ ಬರುತ್ತದೆ. ಏರಿನಲ್ಲಿ ಹಗುರವಾದ ಗಿಯರು ಹಾಕಿ ಬೇಗಬೇಗ ತುಳಿಯುವುದೇ ಒಳಿತು.

ಸಕ್ಕರೆ ಕಾಯಿಲೆಯವರಿಗೆ ಸೈಕಲ್ಲು ನಿಜಕ್ಕೂ ಒಳ್ಳೆಯ ಔಷಧ. ತೊಡೆಯ ಸ್ನಾಯುಗಳು ದೇಹದಲ್ಲಿಯೇ ದೊಡ್ಡವು. ಅವು ದುಡಿಯುವಾಗ ಇನ್ಸುಲಿನ್ನಿನ ನೆರವನ್ನು ಕಾಯದೆ ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನು ಹೇಳುತ್ತದೆ. ಮಾತನಾಡಲು ಉಸಿರಿರಬೇಕು, ಹಾಡಲು ಇರಬಾರದು. ಅದೇ ಮಧ್ಯಮ ಶ್ರಮದ ಅಳತೆ. ಇನ್ಸುಲಿನ್ ಅಥವಾ ಸಕ್ಕರೆ ತೀವ್ರವಾಗಿ ಇಳಿಸುವ ಗುಳಿಗೆ ತೆಗೆದುಕೊಳ್ಳುವವರು ಮಾತ್ರ ಜೇಬಿನಲ್ಲಿ ಸಕ್ಕರೆಯನ್ನೋ ಬೆಲ್ಲವನ್ನೋ ಇಟ್ಟುಕೊಂಡೇ ಹೊರಡಬೇಕು. ನಡೆದರೆ ಎದೆ ಹಿಡಿದಂತಾಗುವವರೂ, ಸಕ್ಕರೆಯಿಂದ ಕಣ್ಣಿನ ಒಳಪರದೆಗೆ ತೊಂದರೆಯಾದವರೂ ವೈದ್ಯರನ್ನು ಕಾಣದೆ ಗುಡ್ಡದ ದಾರಿ ಹಿಡಿಯಕೂಡದು. ಇನ್ನೊಂದು ಮಾತು: ಸೈಕಲ್ಲಿನ ಮೇಲೆ ಮೈಭಾರವನ್ನು ಸೀಟು ಹೊರುವುದರಿಂದ ಮೂಳೆಗೆ ಅಷ್ಟಾಗಿ ಕೆಲಸವಿರುವುದಿಲ್ಲ. ಮೂಳೆ ಗಟ್ಟಿಯಾಗಲು ನಡಿಗೆ, ಮೆಟ್ಟಿಲು, ಭಾರ ಎತ್ತುವುದು ಇವೂ ಬೇಕು.

ಮೂರನೆಯ ವಾರ ನನ್ನ ಕಿರುಬೆರಳೂ ಉಂಗುರಬೆರಳೂ ಜೋಮು ಹಿಡಿಯತೊಡಗಿದವು. ಅಂಗೈಯ ಬುಡದಲ್ಲಿ ಕಿರುಬೆರಳಿನ ಕಡೆಗೆ ಸಾಗುವ ನರವೊಂದುಂಟು. ಹ್ಯಾಂಡಲ್ಲಿನ ಮೇಲೆ ಮೈಭಾರ ಬಿಟ್ಟು ಬಿಗಿಯಾಗಿ ಹಿಡಿದರೆ ಅದು ಅದುಮಿಹೋಗುತ್ತದೆ. ರೋಗಿಗಳಲ್ಲಿ ನೋಡಿದ್ದನ್ನು ನನ್ನಲ್ಲಿ ಗುರುತಿಸಲು ನನಗೆ ನಾಲ್ಕು ದಿನ ಬೇಕಾಯಿತು! ಹಿಡಿತ ಸಡಿಲಿಸಿ, ಮೆತ್ತನೆಯ ಕೈಗವಸು ಹಾಕಿಕೊಂಡ ಮೇಲೆ ಹೋಯಿತು.

ದೊಡ್ಡ ಪೆಟ್ಟು ಬಿದ್ದದ್ದು ಐದನೆಯ ವಾರ. ಕೆಲಗೇರಿಯ ಆಚೆಗೆ ಮಸಾರಿ ನೆಲದ ಒಂದು ಇಳಿಜಾರಿದೆ. ಅಂದು ಕೆಳಗೆ ಕಾಲೇಜಿನ ಹುಡುಗರು ನಿಂತು ನೋಡುತ್ತಿದ್ದರು. ನಾನೂ ಅವರು ನೋಡುತ್ತಿರುವುದನ್ನು ನೋಡಿದೆ. ಹಳೆಯ ಸೈಕಲ್ಲಾಗಿದ್ದರೆ ಆ ವೇಗಕ್ಕೆ ಮೈಯೆಲ್ಲ ನಡುಗಿ ಎಚ್ಚರಿಸುತ್ತಿತ್ತು. ಇದು ನಡುಗಲಿಲ್ಲ. ವೇಗ ಅರಿವಿಗೆ ಬಂದಾಗ ತಡವಾಗಿತ್ತು. ಹಳೆಯ ಅಭ್ಯಾಸದಂತೆ ನಾಲ್ಕೂ ಬೆರಳುಗಳಿಂದ ಮುಂದಿನ ಬ್ರೇಕನ್ನು ಹಿಂಡಿದೆ. ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಈ ಡಿಸ್ಕ್ ಬ್ರೇಕಿಗೆ ಒಂದೇ ಬೆರಳು ಸಾಕು. ಸಡಿಲ ಗರಸಿನಲ್ಲಿ ಮುಂಗಾಲಿ ಬಿಗಿದು ಜಾರಿತು. ನಾನು ಎಡ ಭುಜದ ಮೇಲೆ ಬಿದ್ದೆ. ಕೊರಳೆಲುಬು ಮುರಿಯಿತು. ಆ ಹುಡುಗರೇ ಓಡಿ ಬಂದು, "ಅಜ್ಜಾರ, ಅಲುಗಾಡಬ್ಯಾಡ್ರಿ" ಎಂದರು. ಮೂಳೆಗಿಂತ ಆ 'ಅಜ್ಜಾರ' ಎಂಬ ಮಾತು ಹೆಚ್ಚು ನೋಯಿಸಿತು.

ತಲೆಗೆ ಏನೂ ಆಗಲಿಲ್ಲ. ಹೆಲ್ಮೆಟ್ಟು ಬಿರುಕು ಬಿಟ್ಟಿತ್ತು. ಒಳಗಿನ ಫೋಮು ಒಮ್ಮೆ ನಜ್ಜಾದರೆ ಮತ್ತೆ ಪೆಟ್ಟು ತಾಳದು. ಬಿದ್ದ ಹೆಲ್ಮೆಟ್ಟನ್ನು ಎಸೆದು ಹೊಸದು ಕೊಳ್ಳಲೇಬೇಕು. ಆರು ವಾರ ತೋಳನ್ನು ಜೋಳಿಗೆಯಲ್ಲಿ ಹಾಕಿಕೊಂಡು ರೋಗಿಗಳನ್ನು ನೋಡಿದೆ. ಬಂದವರೆಲ್ಲ ತಮ್ಮ ಕಾಯಿಲೆ ಹೇಳುವ ಮೊದಲು ನನ್ನದನ್ನು ವಿಚಾರಿಸಿದರು.

ಈಗ ಮತ್ತೆ ಬೆಳಗಿನ ಆರಕ್ಕೆ ಹೊರಡುತ್ತೇನೆ. ಇಳಿಜಾರಿಗೆ ಮೊದಲೇ ಎರಡೂ ಬ್ರೇಕುಗಳನ್ನು ಒಂದೊಂದೇ ಬೆರಳಿನಿಂದ ಮೆಲ್ಲನೆ ಹಿಡಿದು, ಸೀಟು ತಗ್ಗಿಸಿ, ಮೈಯನ್ನು ಹಿಂದಕ್ಕೆ ಸರಿಸಿ ಇಳಿಯುತ್ತೇನೆ. ಮಳೆ ಬಂದ ಮರುದಿನ ಎರೆಯ ಕಡೆಗೆ ಹೋಗುವುದಿಲ್ಲ. ಆ ಮಣ್ಣು ಟೈರಿಗೆ ಮೆತ್ತಿಕೊಂಡರೆ ಗಾಲಿ ತಿರುಗುವುದೇ ಇಲ್ಲ, ಸೈಕಲ್ಲನ್ನು ನಾವೇ ಹೊರಬೇಕಾಗುತ್ತದೆ. ಮೆಟ್ಟಿಲೇರುವಾಗಿನ ನೋವು ಬಹಳಷ್ಟು ತಗ್ಗಿದೆ.

ಮಾಸ್ತರರು ನನ್ನ ಸೈಕಲ್ಲನ್ನು ಒಂದು ಸುತ್ತು ಓಡಿಸಿ ನೋಡಿದರು. ಇಳಿದ ಮೇಲೆ ಗಾಲಿಯ ಬಗ್ಗೆಯಾಗಲಿ ಶಾಕಿನ ಬಗ್ಗೆಯಾಗಲಿ ಒಂದು ಮಾತೂ ಆಡಲಿಲ್ಲ. ಸೀಟು ಎಷ್ಟು ಎತ್ತರವಿದೆಯೆಂದು ಗೇಣು ಹಾಕಿ ಅಳೆದುಕೊಂಡು ಹೋದರು. ಮರುದಿನ ಅವರ ಕರಿ ಸೈಕಲ್ಲಿನ ಸೀಟು ನಾಲ್ಕು ಬೆರಳು ಮೇಲಕ್ಕೆ ಬಂದಿತ್ತು. ಹದಿನೈದು ದಿನ ಬಿಟ್ಟು ಬೇಲಿಯ ಆಚೆಯಿಂದಲೇ, "ಮೊಣಕಾಲು ಹಗುರಾತ್ರಿ, ಡಾಕ್ಟರ. ನನಗ ಖರ್ಚು ಆಗಿದ್ದು ಒಂದ ಪಾನ. ಅಂದ್ಹಂಗ, ನಿಮಗ ಎಷ್ಟ ಬಿತ್ತು ಅಂದ್ರಿ?" ಎಂದು ಕೇಳಿದರು.

ಇನ್ನೂ ಹೇಳಿಲ್ಲ.